ಅಮಲ್ಜಾರಿಯವರೆಗೂ ಬಂದ ಜಡ್ಜ್ ಸಾಹೇಬರಿಗೆ

ಮಾನ್ಯ ಫ್ರಾಂಕ್ ಎಂ. ಜಾನ್ಸನ್ ಸಾಹೇಬರಿಗೆ ನಮಸ್ಕಾರಗಳು.

ಕೋರ್ಟಿನಲ್ಲಿ 34 ವರ್ಷ ಸ್ಟೆನೋ ಆಗಿದ್ದು ನಿವೃತ್ತನಾದವನು ನಾನು. ತಾಲ್ಲೂಕು ಕೋರ್ಟು, ಜಿಲ್ಲಾ ಕೋರ್ಟು ಎಂದು ಕರ್ನಾಟಕದ ಐದಾರು ಊರು ಸುತ್ತಿದ್ದೇನೆ. ಎಲ್ಲಿಗೆ ಹೋದರೂ ನನ್ನ ಕುರ್ಚಿ ಇರುತ್ತಿದ್ದದ್ದು ಒಂದೇ ಕಡೆ, ಜಡ್ಜ್ ಸಾಹೇಬರ ಪಕ್ಕ, ಒಂದು ಮೆಟ್ಟಿಲು ಕೆಳಗೆ. ಕಟಕಟೆಯಲ್ಲಿ ನಿಂತವರು ತಮ್ಮ ಮಾತಿನಲ್ಲಿ ಹೇಳಿದ್ದೂ ಸಾಹೇಬರು ಅದನ್ನು ಕೋರ್ಟಿನ ಭಾಷೆಗೆ ತಿರುಗಿಸಿ ಬರೆಸಿದ್ದೂ ಎರಡೂ ನನ್ನ ಕಿವಿಗೆ ಬೀಳುತ್ತಿದ್ದವು. ಸಾಕ್ಷಿ ಮಾತಾಡುವಾಗ ಕೆಲವು ಸಾಹೇಬರು ಕಡತದಿಂದ ತಲೆ ಎತ್ತಿ ಆ ಮುಖವನ್ನು ನೋಡುತ್ತಿದ್ದರು. ಹಾಗೆ ನೋಡಿದ ದಿನ ಬರೆಸಿದ ಹೇಳಿಕೆಯೇ ಬೇರೆ ಥರ ಇರುತ್ತಿತ್ತು. ಅಷ್ಟು ಮಾತ್ರ ನನಗೆ ಖಚಿತವಾಗಿ ಗೊತ್ತು. ಆ ಧೈರ್ಯದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ.

ನೀವು ತೀರಿಕೊಂಡದ್ದು 1999ರ ಜುಲೈ 23ರಂದು. ನಿಮ್ಮ ಹೆಸರು ನಾನು ಕೇಳಿದ್ದು ಅದಾಗಿ ಎಷ್ಟೋ ವರ್ಷಕ್ಕೆ, ಅಟ್ಲಾಂಟಾದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ. ಒಂದು ಶನಿವಾರ ಬೆಳಿಗ್ಗೆ ಅವಳು, "ಅಪ್ಪಾ, ನಿಮಗೊಂದು ಕೋರ್ಟು ತೋರಿಸ್ತೀನಿ ನಡೀರಿ" ಎಂದು ಬುತ್ತಿ ಕಟ್ಟಿಕೊಂಡು ಕಾರು ಹತ್ತಿಸಿದಳು. ಎರಡೂವರೆ ಗಂಟೆಯ ದಾರಿ. ಅಲಬಾಮ ರಾಜ್ಯದ ಮಾಂಟ್ಗೊಮರಿಯಲ್ಲಿ ಮೊದಲು ಕಂಡದ್ದು ಹಳೆಯ ಗ್ರೇಹೌಂಡ್ ಬಸ್ ನಿಲ್ದಾಣ. ಈಗ ಅದು ಮ್ಯೂಸಿಯಂ. ಮುಂಗೋಡೆಯಲ್ಲಿ ಒಂದು ಬಾಗಿಲಿನ ಜಾಗವನ್ನು ಇಟ್ಟಿಗೆಯಿಂದ ಕಟ್ಟಿ ಮುಚ್ಚಿದ್ದಾರೆ, ಬಾಗಿಲಿನ ಅಂಚು ಮಾತ್ರ ಹಾಗೇ ಕಾಣುತ್ತದೆ. ಕಪ್ಪು ಜನ ಒಳಗೆ ಬರಲೆಂದು ಬೇರೆಯಾಗಿ ಇಟ್ಟಿದ್ದ ಬಾಗಿಲು ಅದು. ಆ ಇಟ್ಟಿಗೆಗಳ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತೆ. ನಿಲ್ದಾಣದ ಮಗ್ಗುಲಲ್ಲೇ ಇರುವ ದೊಡ್ಡ ಕೋರ್ಟ್ ಕಟ್ಟಡದ ಮೇಲೆ ನಿಮ್ಮ ಹೆಸರಿತ್ತು.

ಊರಿಗೆ ಬಂದ ಮೇಲೆ ಮಗಳು ಕಳಿಸಿಕೊಟ್ಟ ನಿಮ್ಮ ತೀರ್ಪುಗಳನ್ನು ಒಂದೊಂದಾಗಿ ಓದಿದೆ. ಓದುತ್ತ ನನಗೆ ನೆನಪಾದವಳು ಒಬ್ಬ ಅಜ್ಜಿ. ನಾನು ಕೆಲಸ ಮಾಡಿದ ಒಂದು ಕೋರ್ಟಿಗೆ ಬರುತ್ತಿದ್ದಳು. ಗಂಡನ ಪಾಲಿನ ಒಂದೂವರೆ ಎಕರೆಗೆ ದಾವೆ ಹೂಡಿ ಗೆದ್ದವಳು. ಡಿಕ್ರಿಯ ನಕಲನ್ನು ಹಾಲಿನ ಪ್ಲಾಸ್ಟಿಕ್ ಕವರಿನೊಳಗಿಟ್ಟು ಸೆರಗಿನಲ್ಲಿ ಸುತ್ತಿ ತರುತ್ತಿದ್ದಳು. ಆ ತೀರ್ಪು ಟೈಪು ಮಾಡಿದವನು ನಾನೇ. ಗೆದ್ದು ಏಳು ವರ್ಷವಾದರೂ ಹೊಲ ಕೈಗೆ ಬಂದಿರಲಿಲ್ಲ. ತೀರ್ಪನ್ನು ಜಾರಿ ಮಾಡಿಸಿಕೊಡಿ ಎಂದು ಅಮಲ್ಜಾರಿ ಅರ್ಜಿ ಹಾಕಿದ್ದಳು. ಒಂದು ಸಲ ಅಮೀನರು ರಜೆ, ಇನ್ನೊಂದು ಸಲ ಪೊಲೀಸ್ ಬಂದೋಬಸ್ತ್ ಸಿಗಲಿಲ್ಲ, ಆಮೇಲೆ ಸರ್ವೆಯವರು ಬರಲಿಲ್ಲ, ಅವರು ಬಂದಾಗ ಎದುರು ಪಾರ್ಟಿಯ ತಕರಾರು. "ಕಾಗ್ದದಾಗೆ ಗೆದ್ದಿವ್ನಿ, ಹೊಲದಾಗೆ ಯಾವಾಗ ಸ್ವಾಮಿ ಗೆಲ್ಲೋದು?" ಎಂದು ನನ್ನನ್ನು ಕೇಳುತ್ತಿದ್ದಳು. ನಾನು ಮುಂದಿನ ತಾರೀಕು ಒಂದು ಚೀಟಿಯಲ್ಲಿ ಬರೆದುಕೊಡುತ್ತಿದ್ದೆ.

ಆಕೆಯ ಪ್ರಶ್ನೆಯನ್ನು ತನ್ನದೇ ಕೆಲಸ ಎಂದುಕೊಂಡ ಜಡ್ಜೊಬ್ಬರು ಇದ್ದರು ಎಂದು ನಿಮ್ಮ ಕಡತಗಳಿಂದ ನನಗೆ ತಿಳಿಯಿತು. ಈ ಪತ್ರ ನಿಮಗೆ ತಲುಪುವುದಿಲ್ಲ. ನಮ್ಮಲ್ಲಿ ಹೊಸದಾಗಿ ಪೀಠ ಏರುತ್ತಿರುವ ಹುಡುಗ ಹುಡುಗಿಯರು ಓದಲಿ ಎಂದು ನಾಲ್ಕು ಜನರ ಎದುರಿಗೇ ಬರೆಯುತ್ತಿದ್ದೇನೆ.

ಅವರಿಗಾಗಿ ಒಂದೆರಡು ಮಾತು ಬಿಡಿಸಿ ಹೇಳಬೇಕು. ನಿಮ್ಮ ದೇಶದಲ್ಲಿ ರಾಜ್ಯಗಳ ಕೋರ್ಟುಗಳು ಬೇರೆ, ಕೇಂದ್ರದ ಕೋರ್ಟುಗಳು ಬೇರೆ. ಕೇಂದ್ರದ ಸಾಲಿನಲ್ಲಿ ಕೆಳಗಿನ ಮೆಟ್ಟಿಲು ಫೆಡರಲ್ ಜಿಲ್ಲಾ ನ್ಯಾಯಾಲಯ. ಸಾಕ್ಷಿ ನುಡಿಯುವುದು, ಪಾಟೀಸವಾಲು ನಡೆಯುವುದು, ಜ್ಯೂರಿ ಕೂರುವುದು ಎಲ್ಲ ಅಲ್ಲೇ. ಅಲ್ಲಿನ ಜಡ್ಜನ್ನು ಅಧ್ಯಕ್ಷರು ನೇಮಿಸುತ್ತಾರೆ, ಸೆನೆಟ್ ಒಪ್ಪುತ್ತದೆ. ಆಮೇಲೆ ಜೀವನಪೂರ್ತಿ ಹುದ್ದೆ, ವರ್ಗಾವಣೆಯ ಭಯವಿಲ್ಲ. 1955ರಲ್ಲಿ ಐಸೆನ್‌ಹೋವರ್ ನಿಮ್ಮನ್ನು ಅಲಬಾಮದ ಮಧ್ಯ ಜಿಲ್ಲೆಗೆ ನೇಮಿಸಿದರು. ಪೀಠವೇರಿದಾಗ ನಿಮಗೆ 37 ವರ್ಷ. ಇಡೀ ದೇಶದ ಫೆಡರಲ್ ಜಡ್ಜ್‌ಗಳಲ್ಲಿ ನೀವೇ ಕಿರಿಯರು.

ನೀವು ಹೊರಗಿನಿಂದ ಬಂದವರಾಗಿರಲಿಲ್ಲ. ಅಲಬಾಮದ ಉತ್ತರಕ್ಕಿರುವ ವಿನ್‌ಸ್ಟನ್ ಕೌಂಟಿಯ ಗುಡ್ಡಗಾಡಿನವರು. 1861ರಲ್ಲಿ ಅಲಬಾಮ ಒಕ್ಕೂಟ ಬಿಟ್ಟು ಹೊರಟಾಗ ಆ ಕೌಂಟಿ ಒಪ್ಪಿರಲಿಲ್ಲ. ಗುಲಾಮರನ್ನು ಇಟ್ಟುಕೊಂಡವರು ಅಲ್ಲಿ ತೀರಾ ಕಡಿಮೆ. ಎರಡನೇ ಮಹಾಯುದ್ಧದಲ್ಲಿ ನಾರ್ಮಂಡಿಗೆ ಹೋಗಿ ಗಾಯಗೊಂಡು ಬಂದಿರಿ. ಜಾಸ್ಪರ್ ಎಂಬ ಊರಿನಲ್ಲಿ ವಕೀಲಿಕೆ ಮಾಡಿದಿರಿ. ಕೇಂದ್ರದ ಸರ್ಕಾರಿ ವಕೀಲರಾಗಿದ್ದಾಗ, ಕಪ್ಪು ಜನರನ್ನು ಜೀತಕ್ಕಿಟ್ಟುಕೊಂಡಿದ್ದ ಸಹೋದರರ ಮೇಲೆ ಕೇಸು ನಡೆಸಿ ಶಿಕ್ಷೆ ಕೊಡಿಸಿದಿರಿ. 1950ರ ದಶಕದಲ್ಲಿಯೂ ಜೀತ! ನಮ್ಮ ದೇಶದ ಜೀತದ ಕೇಸುಗಳ ಹೇಳಿಕೆ ಬರೆದುಕೊಂಡ ನನಗೆ ಆ ಪುಟ ಓದುವಾಗ ಹೊಟ್ಟೆಯಲ್ಲಿ ಸಂಕಟವಾಯಿತು.

ಪೀಠವೇರಿ ವರ್ಷ ತುಂಬುವ ಮೊದಲೇ ನಿಮ್ಮೆದುರಿಗೆ ಮಾಂಟ್ಗೊಮರಿಯ ಬಸ್ಸಿನ ಕೇಸು ಬಂತು. ಅದರ ಹೆಸರು ಬ್ರೌಡರ್ ವಿರುದ್ಧ ಗೇಲ್. ರೋಸಾ ಪಾರ್ಕ್ಸ್ ಹೆಸರು ನಮ್ಮ ಶಾಲಾ ಮಕ್ಕಳಿಗೂ ಗೊತ್ತು. ಆದರೆ ಬಸ್ಸಿನ ಭೇದವನ್ನು ಕಾನೂನಿನಿಂದ ಅಳಿಸಿದ ಈ ಕೇಸಿನಲ್ಲಿ ವಾದಿಗಳು ಬೇರೆ ನಾಲ್ವರು ಹೆಂಗಸರು: ಔರೇಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್, ಕ್ಲಾಡೆಟ್ ಕಾಲ್ವಿನ್. ಬಿಳಿಯರಿಗೆ ಸೀಟು ಬಿಡಲಿಲ್ಲವೆಂದು ಕಾಲ್ವಿನ್‌ಳನ್ನು ಪೊಲೀಸರು ಎಳೆದೊಯ್ದಾಗ ಅವಳಿಗೆ 15 ವರ್ಷ. ರೋಸಾ ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲು. 1956ರ ಮೇ ತಿಂಗಳಲ್ಲಿ ಅವಳು ಬಂದು ಮೂವರು ಜಡ್ಜ್‌ಗಳ ಪೀಠದ ಮುಂದೆ ಸಾಕ್ಷಿ ನುಡಿದಳು. ವಿಚಾರಣೆ ಮುಗಿದು ನೀವು ಮೂವರೂ ಒಳಗೆ ಕೂತಾಗ ಮೊದಲು ಕೇಳಿದ್ದು ಕಿರಿಯರಾದ ನಿಮ್ಮನ್ನು. ಸರ್ಕಾರವೇ ಹೇರಿದ ಭೇದ ಸಂವಿಧಾನಕ್ಕೆ ವಿರುದ್ಧ, ನಾನು ವಾದಿಗಳ ಪರ ಎಂದಿರಿ. ರಿಚರ್ಡ್ ರೈವ್ಸ್ ನಿಮ್ಮ ಜೊತೆಗೆ ನಿಂತರು, ಸೀಬೋರ್ನ್ ಲಿನ್ ಭಿನ್ನ ತೀರ್ಪು ಬರೆದರು. ಜೂನ್ 5ರಂದು ತೀರ್ಪು ಹೊರಬಿತ್ತು, ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಬಸ್ಸು ಬಹಿಷ್ಕರಿಸಿ 381 ದಿನ ನಡೆದೇ ಕೆಲಸಕ್ಕೆ ಹೋದ ಊರು ಡಿಸೆಂಬರ್ 21ರಂದು ಬಸ್ಸು ಹತ್ತಿ ಮುಂದಿನ ಸೀಟಿನಲ್ಲಿ ಕೂತಿತು. ನಿಮ್ಮ ಮನೆಯ ಮುಂದಿನ ಹುಲ್ಲಿನ ಮೇಲೆ ಬಿಳಿಯರ ರಹಸ್ಯ ಸಂಘಟನೆಯಾದ ಕು ಕ್ಲಕ್ಸ್ ಕ್ಲಾನ್‌ನವರು ಶಿಲುಬೆ ನೆಟ್ಟು ಸುಟ್ಟರು.

ನಿಮ್ಮನ್ನು ಹೊಗಳುವುದಕ್ಕಷ್ಟೇ ಈ ಪತ್ರ ಬರೆದರೆ ನನ್ನ 34 ವರ್ಷದ ಕಸುಬಿಗೆ ಅವಮಾನ. ಟಸ್ಕೀಗಿಯ ಕೇಸನ್ನು ಬಿಟ್ಟು ಮುಂದೆ ಹೋಗಲಾರೆ. ಆ ಊರಿನ ಗಡಿ ಮೊದಲು ಚೌಕಾಕಾರವಾಗಿತ್ತು. 1957ರಲ್ಲಿ ರಾಜ್ಯದ ಶಾಸನಸಭೆ ಅದನ್ನು 28 ಬದಿಗಳ ವಿಚಿತ್ರ ಆಕಾರಕ್ಕೆ ಕತ್ತರಿಸಿತು. ಊರಿನ ಸುಮಾರು 400 ಕಪ್ಪು ಮತದಾರರಲ್ಲಿ ನಾಲ್ಕೈದು ಮಂದಿ ಬಿಟ್ಟು ಉಳಿದವರೆಲ್ಲ ಗಡಿಯ ಹೊರಗಾದರು. ಒಬ್ಬ ಬಿಳಿ ಮತದಾರನೂ ಹೊರಗೆ ಬೀಳಲಿಲ್ಲ. ಟಸ್ಕೀಗಿ ಸಂಸ್ಥೆಯ ಪ್ರಾಧ್ಯಾಪಕ ಚಾರ್ಲ್ಸ್ ಗೊಮಿಲಿಯನ್ ನಿಮ್ಮ ಬಾಗಿಲಿಗೆ ಬಂದರು. ಊರಿನ ಗಡಿ ಎಳೆಯುವುದು ರಾಜ್ಯದ ಅಧಿಕಾರ, ಕೋರ್ಟಿಗೆ ಅದರಲ್ಲಿ ಕೈಹಾಕಲು ಬರುವುದಿಲ್ಲ ಎಂದು ಹಳೆಯ ತೀರ್ಪುಗಳನ್ನು ಹಿಡಿದು 1958ರಲ್ಲಿ ನೀವು ದಾವೆ ವಜಾ ಮಾಡಿದಿರಿ. ಆ ನಕ್ಷೆ ನಿಮ್ಮ ಮೇಜಿನ ಮೇಲಿತ್ತು. ಅದನ್ನು ನೋಡಿದ ಯಾರಿಗಾದರೂ ಯಾಕೆ ಹಾಗೆ ಕತ್ತರಿಸಿದ್ದಾರೆಂದು ತಿಳಿಯುತ್ತಿತ್ತು. 1960ರಲ್ಲಿ ಸುಪ್ರೀಂ ಕೋರ್ಟು ಒಮ್ಮತದಿಂದ ನಿಮ್ಮ ಆದೇಶವನ್ನು ತಳ್ಳಿಹಾಕಿತು. ಕಡತ ಮರಳಿ ಬಂದಾಗ ಆ ಕಾನೂನನ್ನು ನೀವೇ ರದ್ದು ಮಾಡಿದಿರಿ. ಆದರೂ ಗೊಮಿಲಿಯನ್ ಕಾಯಬೇಕಾಯಿತಲ್ಲ, ಆ ವರ್ಷಗಳು ನನ್ನನ್ನು ಕಾಡುತ್ತವೆ.

ಇನ್ನೊಂದು ಬೇಸರ 1961ರದು. ಮೇ 20ರಂದು ನಿಮ್ಮ ಕೋರ್ಟಿನ ಪಕ್ಕದ ಆ ಬಸ್ ನಿಲ್ದಾಣದಲ್ಲಿ, ಬಸ್ಸಿನ ಭೇದ ಮುರಿಯಲು ಪ್ರಯಾಣ ಹೊರಟಿದ್ದ ಫ್ರೀಡಂ ರೈಡರ್‌ಗಳನ್ನು ಗುಂಪು ಹೊಡೆದು ಕೆಡವಿತು, ಪೊಲೀಸರು ಬರಲೇ ಇಲ್ಲ. ನ್ಯಾಯ ಇಲಾಖೆಯ ಜಾನ್ ಡೋರ್ ಫೆಡರಲ್ ಕಟ್ಟಡದ ಕಿಟಕಿಯಲ್ಲಿ ನಿಂತು ಕಂಡದ್ದನ್ನು ಕಂಡಂತೆ ವಾಷಿಂಗ್ಟನ್ನಿಗೆ ಫೋನಿನಲ್ಲಿ ಹೇಳುತ್ತಿದ್ದರು. ನೀವು ಕ್ಲಾನ್ ಮೇಲೂ ನಗರದ ಪೊಲೀಸರ ಮೇಲೂ ಪ್ರತಿಬಂಧಕಾಜ್ಞೆ ಹೊರಡಿಸಿದಿರಿ. ಜೊತೆಗೇ ಏಟು ತಿಂದವರ ಪ್ರಯಾಣಕ್ಕೂ ಕೆಲವು ದಿನ ತಡೆ ಹಾಕಿದಿರಿ. ಹೊಡೆದವನಿಗೂ ಹೊಡೆಸಿಕೊಂಡವನಿಗೂ ಒಂದೇ ಕಾಗದದಲ್ಲಿ "ಸುಮ್ಮನಿರಿ" ಎಂದು ಬರೆದದ್ದು ನನಗೆ ಒಪ್ಪಿಗೆಯಾಗಲಿಲ್ಲ. ಅದೇ ವರ್ಷ ನಿಲ್ದಾಣದ ಭೇದವನ್ನು ನಿಲ್ಲಿಸಿದ ಆದೇಶವೂ ನಿಮ್ಮದೇ. ಆ ಬಾಗಿಲಿಗೆ ಕೆಲಸವಿಲ್ಲದಂತಾಯಿತು.

ಜಾರ್ಜ್ ವಾಲೇಸ್ ವಿಷಯಕ್ಕೆ ಬರುತ್ತೇನೆ. ಅಲಬಾಮ ವಿಶ್ವವಿದ್ಯಾಲಯದ ಕಾನೂನು ಕಾಲೇಜಿನಲ್ಲಿ ನಿಮ್ಮ ಸ್ನೇಹಿತ. 1958ರ ಕೊನೆಗೆ ಅವರು ರಾಜ್ಯದ ಒಂದು ಕೋರ್ಟಿನಲ್ಲಿ ಜಡ್ಜ್. ಮತದಾರರ ನೋಂದಣಿ ದಾಖಲೆಗಳನ್ನು ನಾಗರಿಕ ಹಕ್ಕುಗಳ ಆಯೋಗಕ್ಕೆ ಕೊಡುವುದಿಲ್ಲ ಎಂದು ಹಠ ಹಿಡಿದರು. ಕೊಡಿ ಎಂದು ನೀವು ಆದೇಶಿಸಿದಿರಿ. ಒಂದು ರಾತ್ರಿ ವಾಲೇಸ್ ನಿಮ್ಮ ಮನೆಗೆ ಬಂದು, ರಾಜಕೀಯಕ್ಕೆ ಅನುಕೂಲವಾಗುವ ಹಾಗೆ ಸ್ವಲ್ಪ ದಿನದ ಜೈಲು ಕೊಡು ಎಂದು ಕೇಳಿಕೊಂಡರಂತೆ. ಕೊಟ್ಟರೆ ದೊಡ್ಡದೇ ಕೊಡುತ್ತೇನೆ ಎಂದಿರಂತೆ ನೀವು. ಕೊನೆಗೆ ವಾಲೇಸ್ ಗ್ರ್ಯಾಂಡ್ ಜ್ಯೂರಿಯ ಕೈಯಿಂದ ದಾಖಲೆ ಸದ್ದಿಲ್ಲದೆ ಒಪ್ಪಿಸಿದರು. ಅಡ್ಡದಾರಿಯಲ್ಲಾದರೂ ಆದೇಶ ಪಾಲಿಸಿದ್ದಾರೆ ಎಂದು ತೀರ್ಪಿನಲ್ಲಿ ಬರೆದು ನ್ಯಾಯಾಂಗ ನಿಂದನೆಯಿಂದ ಬಿಟ್ಟಿರಿ. ಹುತಾತ್ಮನಾಗುವ ಅವಕಾಶ ಅವರಿಗೆ ಸಿಗಲಿಲ್ಲ. ಆದರೂ ಮುಂದಿನ ಚುನಾವಣೆಯಲ್ಲಿ ಊರೂರಿಗೆ ಹೋಗಿ ನಿಮ್ಮನ್ನು ಸುಳ್ಳುಗಾರ ಎಂದು ಬೈದು ಗವರ್ನರ್ ಆದರು. ಅಲ್ಲಿಂದ ಮುಂದೆ ನಿಮ್ಮ ಎಷ್ಟೋ ಕಡತಗಳ ಮೇಲೆ ಪ್ರತಿವಾದಿ ಎಂದು ಬರೆದಿರುವುದು ಹಳೆಯ ಸಹಪಾಠಿಯ ಹೆಸರನ್ನೇ.

ಸೆಲ್ಮಾ ಎಂಬ ಊರಿನ ಕಡತವೂ ಅಂಥದ್ದೇ, ವಿಲಿಯಮ್ಸ್ ವಿರುದ್ಧ ವಾಲೇಸ್. 1965ರ ಮಾರ್ಚ್ 7ರ ಭಾನುವಾರ ಮತದ ಹಕ್ಕು ಕೇಳಿ ಅಲ್ಲಿಂದ ಮಾಂಟ್ಗೊಮರಿಗೆ ನಡೆದು ಬರುತ್ತಿದ್ದವರನ್ನು ಎಡ್ಮಂಡ್ ಪೆಟಸ್ ಸೇತುವೆಯಾಚೆ ರಾಜ್ಯದ ಪೊಲೀಸರು ಲಾಠಿಯಿಂದ, ಕುದುರೆಯಿಂದ, ಅಶ್ರುವಾಯುವಿನಿಂದ ಓಡಿಸಿದರು. ಎರಡು ದಿನದ ಮೇಲೆ ಮತ್ತೆ ಹೊರಟಾಗ, ವಿಚಾರಣೆ ಮುಗಿಯುವವರೆಗೆ ನಡೆಯಬಾರದೆಂದು ತಡೆದವರು ನೀವೇ. ಮಾರ್ಟಿನ್ ಲೂಥರ್ ಕಿಂಗ್ ಸೇತುವೆ ದಾಟಿ, ಪ್ರಾರ್ಥಿಸಿ, ಹಿಂದಿರುಗಿದರು. ಆಮೇಲೆ ನಿಮ್ಮ ಕೋರ್ಟಿನಲ್ಲಿ ಕೆಲವು ದಿನ ಸಾಕ್ಷಿ ನಡೆಯಿತು. ಆ ಭಾನುವಾರ ಮೆರವಣಿಗೆಯ ಮುಂದಿದ್ದು ತಲೆಬುರುಡೆ ಬಿರುಕು ಬಿಟ್ಟಿದ್ದ ಜಾನ್ ಲೂಯಿಸ್ ಬಂದು ನುಡಿದರು. ಸೇತುವೆಯ ಮೇಲೆ ನಡೆದದ್ದರ ಚಲನಚಿತ್ರವನ್ನು ಕೋರ್ಟಿನೊಳಗೇ ತೋರಿಸಿದರು. ಚಿತ್ರ ಮುಗಿದಾಗ ನೀವು ತಲೆ ಅಲ್ಲಾಡಿಸಿ, ಒಂದು ಮಾತೂ ಆಡದೆ ಎದ್ದು ಒಳಗೆ ಹೋದಿರಿ ಎಂದು ಅಲ್ಲಿದ್ದವರು ಬರೆದಿದ್ದಾರೆ.

ಅಷ್ಟು ಹೊತ್ತಿನಲ್ಲಿ ಸ್ಟೆನೋ ಏನು ಬರೆದುಕೊಂಡಿರಬಹುದು? ಇದು ನನಗೆ ಮಾತ್ರ ಹೊಳೆಯುವ ಪ್ರಶ್ನೆ ಇರಬೇಕು. ತಲೆ ಅಲ್ಲಾಡಿಸಿದ್ದನ್ನು ನಾವು ಬರೆದುಕೊಳ್ಳುವುದಿಲ್ಲ.

ಮಾರ್ಚ್ 17ರಂದು ನೀವು ಕೊಟ್ಟ ತೀರ್ಪಿನ ತಿರುಳು ಇಷ್ಟು. ಹೆದ್ದಾರಿಯಲ್ಲಿ ಮೆರವಣಿಗೆ ಹೋಗುವ ಹಕ್ಕಿಗೂ ಒಂದು ಮಿತಿ ಇದೆ, ಆದರೆ ಆಗಿರುವ ಅನ್ಯಾಯ ಎಷ್ಟು ದೊಡ್ಡದೋ ಪ್ರತಿಭಟಿಸುವ ಹಕ್ಕಿನ ಅಳತೆಯೂ ಅಷ್ಟೇ ದೊಡ್ಡದಾಗಬೇಕು. ಇಲ್ಲಿ ಅನ್ಯಾಯ ಅಗಾಧವಾದದ್ದು. ಇಷ್ಟಕ್ಕೆ ನಿಲ್ಲಿಸಿದ್ದರೂ ಪತ್ರಿಕೆಗಳು ಹೊಗಳುತ್ತಿದ್ದವು. ನೀವು ಮೆರವಣಿಗೆಯವರಿಂದ ವಿವರವಾದ ಯೋಜನೆ ಬರೆಸಿಕೊಂಡಿರಿ. ದಿನಕ್ಕೆ ಎಷ್ಟು ಮೈಲಿ, ರಾತ್ರಿ ಯಾರ ಹೊಲದಲ್ಲಿ ಬಿಡಾರ, ರಸ್ತೆ ಕಿರಿದಾಗುವ ಕಡೆ 300 ಜನಕ್ಕಿಂತ ಹೆಚ್ಚು ಬೇಡ. ಆದೇಶಕ್ಕೆ ಸಹಿ ಹಾಕುವ ಮುಂಚೆ, ಇದನ್ನು ಜಾರಿ ಮಾಡಿಸುತ್ತೀರಾ ಎಂದು ಕೇಂದ್ರ ಸರ್ಕಾರವನ್ನು ಕೇಳಿ ಖಾತ್ರಿ ಮಾಡಿಕೊಂಡಿರಿ ಎಂದೂ ಓದಿದ್ದೇನೆ. ರಕ್ಷಣೆ ಕೊಡಲು ತನ್ನ ಕೈಲಾಗದು ಎಂದು ವಾಲೇಸ್ ಕೈಚೆಲ್ಲಿದಾಗ ಅಧ್ಯಕ್ಷ ಜಾನ್ಸನ್ ರಾಜ್ಯದ ನ್ಯಾಷನಲ್ ಗಾರ್ಡ್ ಪಡೆಯನ್ನೇ ಕೇಂದ್ರದ ವಶಕ್ಕೆ ತೆಗೆದುಕೊಂಡರು. 54 ಮೈಲಿಯ ಮೆರವಣಿಗೆ ಮುಗಿದ ಮಾರ್ಚ್ 25ರಂದು ಸುಮಾರು 25,000 ಜನ ಮಾಂಟ್ಗೊಮರಿಯಲ್ಲಿ ನಿಂತರು. ಬಂದೋಬಸ್ತ್ ಮೊದಲು ಗೊತ್ತು ಮಾಡಿಕೊಂಡು ಆದೇಶಕ್ಕೆ ಸಹಿ! ನಮ್ಮ ಅಜ್ಜಿ ಇದನ್ನು ಕೇಳಿದ್ದರೆ ಕೈ ಮುಗಿಯುತ್ತಿದ್ದಳು.

ಅದೇ ರಾತ್ರಿ ಆ ಹೆದ್ದಾರಿಯಲ್ಲಿ ಜನರನ್ನು ಕಾರಿನಲ್ಲಿ ಊರಿಗೆ ಬಿಡುತ್ತಿದ್ದ ವಯೋಲಾ ಲಿಯುಜೊ ಎಂಬ ತಾಯಿಯನ್ನು ಕ್ಲಾನ್‌ನವರು ಗುಂಡಿಟ್ಟು ಕೊಂದರು. ಕೊಲೆ ಆರೋಪಿ ರಾಜ್ಯದ ಕೋರ್ಟಿನಲ್ಲಿ ಖುಲಾಸೆಯಾದ. ಕೊಲೆ ಕೇಸು ನಡೆಸುವ ಅಧಿಕಾರ ನಿಮಗಿರಲಿಲ್ಲ. ನಾಗರಿಕ ಹಕ್ಕು ಕಸಿಯಲು ಸಂಚು ಮಾಡಿದ್ದಕ್ಕೆ 1870ರಷ್ಟು ಹಳೆಯ ಕಾನೂನೊಂದಿತ್ತು. ಅದರಡಿ ಡಿಸೆಂಬರಿನಲ್ಲಿ ಮೂವರು ನಿಮ್ಮೆದುರು ನಿಂತರು. ಬಿಳಿಯರೇ ತುಂಬಿದ ಜ್ಯೂರಿ ಒಮ್ಮತಕ್ಕೆ ಬರಲಾಗದು ಎಂದು ಹೊರಗೆ ಬಂದಾಗ ಅವರನ್ನು ಮತ್ತೆ ಒಳಗೆ ಕಳಿಸಿದಿರಿ. ಮೂವರೂ ತಪ್ಪಿತಸ್ಥರೆಂದಾಯಿತು. ಆ ಕಾನೂನು ಕೊಡಬಹುದಾದ ಹೆಚ್ಚಿನ ಶಿಕ್ಷೆ 10 ವರ್ಷ, ಅದನ್ನೇ ಕೊಟ್ಟಿರಿ.

ಮತಕ್ಷೇತ್ರಗಳ ಮರುವಿಂಗಡಣೆ, 1967ರಲ್ಲಿ ಒಂದೇ ಆದೇಶದಲ್ಲಿ 99 ಶಾಲಾ ಮಂಡಳಿಗಳ ಭೇದ ಅಳಿಸಿದ್ದು, ಹೆಂಗಸರನ್ನು ಜ್ಯೂರಿಯಿಂದ ದೂರ ಇಟ್ಟಿದ್ದ ಕಾನೂನು ಕಿತ್ತುಹಾಕಿದ್ದು, ಇವೆಲ್ಲ ಒಂದೊಂದು ಪತ್ರಕ್ಕಾಗುವಷ್ಟಿವೆ. ವಾಯುಪಡೆಯ ಶ್ಯಾರನ್ ಫ್ರಾಂಟಿಯೆರೊ ಕೇಸಿನಲ್ಲಿ ಮಾತ್ರ ನೀವು ಒಬ್ಬರೇ ಆದಿರಿ. ಗಂಡಸು ಅಧಿಕಾರಿಯ ಹೆಂಡತಿಗೆ ಕೇಳದೆ ಸಿಗುವ ಸವಲತ್ತು ಹೆಂಗಸು ಅಧಿಕಾರಿಯ ಗಂಡನಿಗೆ ಯಾಕಿಲ್ಲ ಎಂಬುದು ಪ್ರಶ್ನೆ. ಬಸ್ಸಿನ ಕೇಸಿನಲ್ಲಿ ನಿಮ್ಮ ಜೊತೆಗಿದ್ದ ರೈವ್ಸ್ ಈ ಸಲ ಎದುರು ಬದಿ. 1973ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತರಲ್ಲಿ ಎಂಟು ಜನ ನಿಮ್ಮ ಕಡೆಗೆ ಬಂದರು.

ನಾನು ಹೆಚ್ಚು ಹೊತ್ತು ಕೂತು ಓದಿದ್ದು ಟಸ್ಕಲೂಸಾದ ಬ್ರೈಸ್ ಮಾನಸಿಕ ಆಸ್ಪತ್ರೆಯ ಕಡತ. ವಾಯಟ್ ವಿರುದ್ಧ ಸ್ಟಿಕ್ನಿ. 5,000ಕ್ಕೂ ಹೆಚ್ಚು ಜನ ಅಲ್ಲಿದ್ದರು. ಹಣವಿಲ್ಲವೆಂದು ನೌಕರರನ್ನು ತೆಗೆದುಹಾಕಿದಾಗ 1970ರಲ್ಲಿ ಅವರೂ ರೋಗಿಗಳ ಪರವಾದವರೂ ಸೇರಿ ಕೋರ್ಟಿಗೆ ಬಂದರು. ಕೇಸಿಗೆ ಹೆಸರು ಕೊಟ್ಟ ರಿಕಿ ವಾಯಟ್ 15 ವರ್ಷದ ಹುಡುಗ. ಒಬ್ಬರ ಒಂದು ದಿನದ ಊಟಕ್ಕೆ ರಾಜ್ಯ ಖರ್ಚು ಮಾಡುತ್ತಿದ್ದದ್ದು 50 ಸೆಂಟ್‌ಗಿಂತ ಕಡಿಮೆ. ಚಿಕಿತ್ಸೆಯ ಹೆಸರಿನಲ್ಲಿ ಒಬ್ಬನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಕೂಡಿಹಾಕಿದ ಮೇಲೆ ಚಿಕಿತ್ಸೆ ಪಡೆಯುವುದು ಅವನ ಸಂವಿಧಾನಬದ್ಧ ಹಕ್ಕು ಎಂದು 1971ರಲ್ಲಿ ಹೇಳಿದಿರಿ. ಆರು ತಿಂಗಳು ಗಡುವು ಕೊಟ್ಟಿರಿ. ಸರ್ಕಾರ ಸರಿಪಡಿಸಲಿಲ್ಲ. 1972ರ ಏಪ್ರಿಲ್‌ನಲ್ಲಿ ನೀವೇ ಪೆನ್ನು ಹಿಡಿದಿರಿ. ಎಂಟು ರೋಗಿಗಳಿಗೆ ಒಂದು ಕಕ್ಕಸು. ಹದಿನೈದು ಜನಕ್ಕೆ ಒಂದು ಸ್ನಾನದ ವ್ಯವಸ್ಥೆ. ಒಂದು ಕೋಣೆಯಲ್ಲಿ ಆರಕ್ಕಿಂತ ಹೆಚ್ಚು ಜನ ಬೇಡ. ಒಳಗಿನ ಬಿಸಿ 83 ಡಿಗ್ರಿ ಫ್ಯಾರನ್‌ಹೀಟ್ ಮೀರಬಾರದು, 68ಕ್ಕಿಂತ ಇಳಿಯಬಾರದು. ತನ್ನ ಬಟ್ಟೆ ತಾನು ಉಡಬಹುದು. ಕೂಲಿ ಕೊಡದೆ ರೋಗಿಯಿಂದ ಆಸ್ಪತ್ರೆಯ ಕೆಲಸ ಮಾಡಿಸಬಾರದು.

ಜಡ್ಜ್‌ಗೆ ಕಕ್ಕಸು ಎಣಿಸುವ ಕೆಲಸವೇಕೆ ಎಂದು ದೊಡ್ಡ ದೊಡ್ಡ ಪಂಡಿತರು ಕೇಳಿದರು. ಸಾಹೇಬರೇ, ಘನತೆಯಿಂದ ಬದುಕುವ ಹಕ್ಕು ಎಂಬ ಮಾತನ್ನು ನಾನು ಎಷ್ಟು ಸಲ ಟೈಪು ಮಾಡಿದ್ದೇನೋ ಲೆಕ್ಕವಿಲ್ಲ. ಆ ಮಾತಿನ ಕೆಳಗೆ ಎಂಟಕ್ಕೆ ಒಂದು ಎಂದು ಬರೆಸಿದವರನ್ನು ನಾನು ಕಾಣಲಿಲ್ಲ. ಎಂಟಕ್ಕೆ ಒಂದು ಎಂದ ಮೇಲೆ ತಪ್ಪಿಸಿಕೊಳ್ಳಲು ಬರುವುದಿಲ್ಲ, ಯಾರು ಬೇಕಾದರೂ ಹೋಗಿ ಎಣಿಸಬಹುದು.

ಜೈಲುಗಳ ತೀರ್ಪು 1976ರ ಜನವರಿಯದು. ನಾಲ್ಕು ಅಡಿ ಅಗಲ, ಎಂಟು ಅಡಿ ಉದ್ದದ ಒಂಟಿ ಸೆಲ್ಲಿನಲ್ಲಿ ಆರು ಜನರವರೆಗೆ ತುಂಬುತ್ತಿದ್ದರು. ಹಾಸಿಗೆಯಿಲ್ಲ, ದೀಪವಿಲ್ಲ, ನಲ್ಲಿಯಿಲ್ಲ. ಕಕ್ಕಸೆಂದರೆ ನೆಲದಲ್ಲಿ ಒಂದು ತೂತು, ಅದಕ್ಕೆ ನೀರು ಬಿಡಬೇಕಾದರೂ ಹೊರಗಿನವರ ಕೈಯಲ್ಲಿ. ಇದನ್ನು ಓದಿದ ಸಂಜೆ ನಾನು ಮನೆಯ ಪಡಸಾಲೆಯಲ್ಲಿ ಟೇಪು ಹಿಡಿದು ನಾಲ್ಕು ಎಂಟು ಅಳೆದು ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಹೆಂಡತಿ ಬಂದು ನೋಡಿ ಏನೂ ಕೇಳದೆ ನಿಂತಳು. ನಮ್ಮ ಮಂಚ ಅದರಲ್ಲಿ ಹಿಡಿಯುವುದಿಲ್ಲ. ಬಜೆಟ್ಟಿನಲ್ಲಿ ಸಲೀಸಾಗಿ ಹಿಡಿಸುವಷ್ಟು ಹಕ್ಕನ್ನು ಮಾತ್ರ ಕೊಡುವ ಸ್ವಾತಂತ್ರ್ಯ ರಾಜ್ಯಕ್ಕಿಲ್ಲ ಎಂದು ಬರೆದಿರಿ. ಸೆಲ್ಲಿಗೆ ಕಡಿಮೆಯೆಂದರೆ 60 ಚದರಡಿ ಎಂದಿರಿ. ಹೇಳಿದಂತೆ ನಡೆಯುತ್ತಿದೆಯೇ ಎಂದು ನೋಡಲು 39 ಜನರ ಸಮಿತಿ ನೇಮಿಸಿದಿರಿ. ಮೇಲಿನ ಕೋರ್ಟು ಆ ಸಮಿತಿಯನ್ನು ರದ್ದು ಮಾಡಿತು. ನನ್ನನ್ನು ಕೇಳಿದರೆ ಅದು ದೊಡ್ಡ ನಷ್ಟ.

ಇದಕ್ಕೆಲ್ಲ ನಿಮ್ಮ ಮನೆಯವರು ತೆತ್ತದ್ದು ಕಡಿಮೆಯಲ್ಲ. ವರ್ಷಗಟ್ಟಲೆ ಮನೆಯ ಸುತ್ತ ಮಾರ್ಷಲ್‌ಗಳ ಕಾವಲು. 1967ರಲ್ಲಿ, ಶಾಲೆಗಳ ಆದೇಶದ ಮರುತಿಂಗಳು, ಮಾಂಟ್ಗೊಮರಿಯಲ್ಲಿದ್ದ ನಿಮ್ಮ ತಾಯಿಯ ಮನೆಗೆ ಬಾಂಬಿಟ್ಟರು. ಒಳಗಿದ್ದ ಆ ತಾಯಿಗೆ ಏನೂ ಆಗಲಿಲ್ಲ. ಅವರ ಹೆಸರು ಅಲಬಾಮ. ಹುಟ್ಟಿದಾಗ ಇಟ್ಟ ಹೆಸರೇ ಅದು, ಅಲಬಾಮ ಲಾಂಗ್. ಅಲಬಾಮವನ್ನು ಉಳಿಸುತ್ತೇವೆ ಎನ್ನುತ್ತಿದ್ದವರ ಬಾಂಬು ಹೋಗಿ ಸಿಡಿದದ್ದು ಆ ಮುದುಕಿಯ ಮನೆಯಲ್ಲಿ.

1979ರಲ್ಲಿ ನೀವು ಮೇಲ್ಮನವಿ ಕೋರ್ಟಿಗೆ ಹೋದಿರಿ. ಮಾಂಟ್ಗೊಮರಿಯಲ್ಲಿ ತೆರವಾದ ನಿಮ್ಮ ಕುರ್ಚಿಗೆ 1980ರಲ್ಲಿ ಮೈರನ್ ಥಾಂಪ್ಸನ್ ಬಂದರು. ಕಪ್ಪು ಜನಾಂಗದವರು, ಟಸ್ಕೀಗಿಯಲ್ಲಿ 1947ರಲ್ಲಿ ಹುಟ್ಟಿದವರು. ಆ ಊರಿನ ಗಡಿಯ ದಾವೆಯನ್ನು ನೀವು ವಜಾ ಮಾಡಿದಾಗ ಹತ್ತು ಹನ್ನೊಂದರ ಬಾಲಕ. ಬ್ರೈಸ್ ಆಸ್ಪತ್ರೆಯ ಕೇಸು ಅಷ್ಟೂ ವರ್ಷ ಜೀವಂತವಾಗಿತ್ತು, 33 ವರ್ಷ. ನೀವು ಬರೆಸಿದ್ದು ಜಾರಿಯಾಗಿದೆಯೇ ಎಂದು ಒಬ್ಬರಾದ ಮೇಲೆ ಒಬ್ಬರು ಹೋಗಿ ಎಣಿಸುತ್ತಲೇ ಇದ್ದರು. ಇನ್ನು ಸಾಕು, ಮುಗಿಯಿತು ಎಂದು 2003ರ ಡಿಸೆಂಬರಿನಲ್ಲಿ ಆ ಕಡತಕ್ಕೆ ಕೊನೆಯ ಸಹಿ ಹಾಕಿದವರು ಟಸ್ಕೀಗಿಯ ಆ ಹುಡುಗ.

ಇಂತು ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಕೋರ್ಟ್ ಸ್ಟೆನೋ